ಹಚಾ

ನಾಯಿ ಉಪ್ಪು ತಿನ್ನುತ್ತದೋ ಇಲ್ಲವೋ ಎಂಬುದು ಬದರೀನಾರಾಯಣ ಭಟ್ಟರಿಗೆ ಗೊತ್ತಿರಲಿಲ್ಲ. ಎದುರಿಗೆ ಚಿತ್ರದುರ್ಗದಿಂದ ಬಂದ ರಾಘವೇಂದ್ರ ಎಂಬ ಯಾತ್ರಿಕ ಒದ್ದೆ ಪಂಚೆಯಲ್ಲಿ ಕೂತು, ತೀರಿಹೋದ ತಂದೆಯ ಪಿಂಡಕ್ಕೆ ಎಳ್ಳುನೀರು ಬಿಡುತ್ತಿದ್ದ. ಭಟ್ಟರ ಬಾಯಿ ರೂಢಿಯ ಬಲದಿಂದ ತಾನೇ ತಾನಾಗಿ ಮಂತ್ರ ಹೇಳುತ್ತಿತ್ತು. ಮನಸ್ಸು ಮಾತ್ರ ಕಾಶಿಯ ಬಂಗಾಲಿ ಟೋಲಾದ ಆ ಮನೆಯ ಅಂಗಳ ಬಿಟ್ಟು, ಗಲ್ಲಿಗಳನ್ನು ದಾಟಿ, ಇನ್ನೂ ಕಣ್ಣಿಂದ ನೋಡದ ಒಂದು ನಾಯಿಯ ಸುತ್ತ ಸುತ್ತುತ್ತಿತ್ತು. ಹಾಲನ್ನ ಹಾಕಿದರೆ ಸಾಕೇ? ಈರುಳ್ಳಿ ಕೂಡ ಹೊಸ್ತಿಲು ದಾಟದ ಮನೆಯಲ್ಲಿ ಅದು ಬದುಕೀತೇ? ಕಟ್ಟಿಹಾಕಿದರೆ ಊಳಿಡುತ್ತದಂತೆ, ಬಿಟ್ಟರೆ ಸಿಕ್ಕಿದ್ದನ್ನೆಲ್ಲ ಕಚ್ಚಿ ಹರಿಯುತ್ತದಂತೆ. ಮರಿಯೂ ಅಲ್ಲದ, ದೊಡ್ಡದೂ ಅಲ್ಲದ ವಯಸ್ಸಂತೆ. ಐವತ್ತು ದಾಟಿದ ಮನುಷ್ಯ, ಹುಟ್ಟಿದಂದಿನಿಂದ ಒಂದು ನಾಯಿಯ ಮೈ ಸವರಿದವರಲ್ಲ. ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆಯುವ ಈ ಯೋಚನೆ ತನಗಾದರೂ ಯಾಕೆ ಬರಬೇಕು ಎಂದು ಅವರು ತಮ್ಮನ್ನೇ ಗದರಿಕೊಂಡರು. ಅಷ್ಟರಲ್ಲಿ ಸತ್ತವರ ಹೆಸರು ಹೇಳುವ ಜಾಗ ಬಂತು. ನಾಲಿಗೆ ರಾಘವೇಂದ್ರನ ತಂದೆಯ ಹೆಸರನ್ನು ಬಿಟ್ಟು 'ಸಮೀರ' ಎಂಬಲ್ಲಿಗೆ ಹೋಗಿ, ಅರ್ಧ ಅಕ್ಷರದಲ್ಲಿ ನಿಂತು, ಹಿಂದಕ್ಕೆ ಬಂತು. ರಾಘವೇಂದ್ರನಿಗೆ ಅದು ತಿಳಿಯಲಿಲ್ಲ. ಒಳಗೆ ಮಡಿಯಲ್ಲಿ ವಡೆ ತಟ್ಟುತ್ತಿದ್ದ ಹೆಂಡತಿ ಅನಂತಲಕ್ಷ್ಮಿಯ ಕೈ ಮಾತ್ರ ಒಂದು ಕ್ಷಣ ತಡೆಯಿತು.

ಎಲ್ಲ ಶುರುವಾದದ್ದು ನಿನ್ನೆ. ಕೇದಾರ ಘಾಟಿನ ಮೆಟ್ಟಿಲ ಮೇಲೆ ಹೂವು, ದೊನ್ನೆದೀಪ ಮಾರುವ ಗಿರಿಜಾದೇವಿ, ಸ್ನಾನ ಮುಗಿಸಿ ಹತ್ತಿ ಬರುತ್ತಿದ್ದ ಭಟ್ಟರನ್ನು ನಾಲ್ಕು ಜನರೆದುರು ತಡೆದು ನಿಲ್ಲಿಸಿ, "ಪಂಡಿತ್‌ಜೀ, ಬಬುವಾನ ನಾಯಿ ನನ್ನ ಹತ್ತಿರ ಇದೆ" ಎಂದಳು, ಭೋಜಪುರಿ ಬೆರೆತ ತನ್ನ ಹಿಂದಿಯಲ್ಲಿ. ಬಬುವಾ ಅಂದರೆ ಯಾವ ಹುಡುಗ ಎಂದು ಕೇಳಿದ್ದು ತಮ್ಮ ಮೂರ್ಖತನ. ನಿಮ್ಮ ಸಮೀರ್ ಬಬುವಾ ಎಂದಳು. ಕಳೆದ ಮಳೆಗಾಲದಲ್ಲಿ ಹುಡುಗ ಅಂಗಿಯೊಳಗೆ ಒಂದು ಮರಿ ಇಟ್ಟುಕೊಂಡು ಬಂದು, ನಮ್ಮಪ್ಪ ಮಡಿಯವರು, ನಿನ್ನ ಹತ್ತಿರ ಇರಲಿ ಎಂದನಂತೆ. ಕಾಲೇಜಿನಿಂದ ಬರುವಾಗ ದಿನಾ ಅವಳ ಮನೆ ಹೊಕ್ಕು ಹೋಗುತ್ತಿದ್ದನಂತೆ. ಭಾದ್ರಪದದಲ್ಲಿ ಕಾಮಾಲೆ ಬಂದು ಹುಡುಗ ಹೋದ. ಮರಿ ಉಳಿಯಿತು. ಊರಲ್ಲಿ ಗಲಭೆಯಾಗಿ ಕರ್ಫ್ಯೂ ಬಂತು, ಹೋಯಿತು. ಯಾತ್ರಿಕರು ಬರುವುದು ನಿಂತಿತು, ಮತ್ತೆ ಶುರುವಾಯಿತು. ಮರಿ ಅಷ್ಟರಲ್ಲಿ ಉದ್ದಕ್ಕೆ ಬೆಳೆದು ನಿಂತಿತ್ತು. ಈಗ ಗಿರಿಜಾದೇವಿ ಗಾಜೀಪುರದ ಮಗಳ ಮನೆಗೆ ಕಾಯಮ್ಮಾಗಿ ಹೊರಟಿದ್ದಾಳೆ. ಸಾರನಾಥದ ಹತ್ತಿರ ತೋಟ ಮಾಡಿಕೊಂಡಿರುವ ಅವಳ ಅಣ್ಣ, ಕಾವಲಿಗೆ ನಾಯಿ ಬೇಕು ಎಂದಿದ್ದಾನೆ. ಇಂದು ಸಂಜೆ ಆಟೋ ತರುತ್ತಾನೆ. "ಅಲ್ಲಿ ಸರಪಳಿಯಲ್ಲಿರಬೇಕು, ಪಂಡಿತ್‌ಜೀ. ನಿಮಗೆ ಬೇಕಾದರೆ ಮೊದಲ ಹಕ್ಕು ನಿಮ್ಮದು." ಸುತ್ತ ನಿಂತವರು ಭಟ್ಟರ ಮುಖ ನೋಡಿದರು. ಅವರಲ್ಲಿ ಯಾರಿಗೂ ಇದು ಹೊಸ ಸುದ್ದಿಯಲ್ಲ ಎಂಬುದು ಭಟ್ಟರಿಗೆ ಆಗಲೇ ಹೊಳೆದದ್ದು. ಇಡೀ ಘಾಟಿಗೆ ಗೊತ್ತಿದ್ದ ಮಗ ತಮಗೊಬ್ಬರಿಗೆ ಗೊತ್ತಿರಲಿಲ್ಲ. ಹೇಳುತ್ತೇನೆ ಎಂದಷ್ಟೇ ಹೇಳಿ, ಒದ್ದೆ ಪಂಚೆ ಕಾಲಿಗೆ ತೊಡರಿಸಿಕೊಂಡು ಗಲ್ಲಿಯೊಳಗೆ ನುಗ್ಗಿದ್ದರು.

ಶ್ರಾದ್ಧದ ಅಡಿಗೆಯ ಮೇಲೆ ನಾಯಿಯ ಕಣ್ಣು ಬೀಳಬಾರದು. ಅದಕ್ಕೇ ಬೀದಿ ಬಾಗಿಲು ಭದ್ರವಾಗಿ ಹಾಕುವುದು ಈ ಮನೆಯ ಪದ್ಧತಿ. ಎಲ್ಲ ಮುಗಿದ ಮೇಲೆ ಅದೇ ನಾಯಿಗೆ ಅದೇ ಅಡಿಗೆಯಲ್ಲಿ ಒಂದು ಪಾಲು. ಯಮನ ಎರಡು ನಾಯಿಗಳಾದ ಶ್ಯಾಮ ಶಬಲರ ಹೆಸರು ಹೇಳಿ, ಎಲೆಯ ಮೇಲೆ ಅನ್ನವಿಟ್ಟು ಹೊರಗಿನ ಕಟ್ಟೆಯ ಮೇಲೆ ಇಡಬೇಕು. ಇಂದೂ ಭಟ್ಟರು ಬಾಗಿಲು ತೆರೆದು ಎಲೆಯನ್ನು ಕಟ್ಟೆಗೆ ತಾಗಿಸುವ ಮುಂಚೆಯೇ ಗಲ್ಲಿಯ ನಾಯಿಗಳು ಎಲ್ಲಿದ್ದವೋ ಬಂದು ಮುತ್ತಿದವು. ಮಡಿ ಉಳಿಸಿಕೊಳ್ಳುವ ಗಡಿಬಿಡಿಯಲ್ಲಿ ಭಟ್ಟರು "ಹಚಾ! ಹಚಾ!" ಎಂದು ಕೂಗುತ್ತ ಹಿಂದೆ ಸರಿದರು. ಕಾಶಿಯ ನಾಯಿಗಳಿಗೆ ಕನ್ನಡದ ಗದರಿಕೆ ಯಾವ ಲೆಕ್ಕ? ಅವು ಅನ್ನಕ್ಕೆ ಬಾಯಿ ಹಾಕಿದವು. ನಿಂತು ನೋಡುವುದು ಭಟ್ಟರ ಅಭ್ಯಾಸವಲ್ಲ. ಇಂದು ನಿಂತರು. ಉಪ್ಪು ಹಾಕಿದ ವಡೆಯನ್ನು ನಾಯಿಗಳು ಯಾವ ತಕರಾರೂ ಇಲ್ಲದೆ ತಿಂದವು.

ಊಟಕ್ಕೆ ಎಲೆ ಹಾಕುವ ಹೊತ್ತಿಗೆ ರಾಘವೇಂದ್ರ ಗೆಲುವಾಗಿದ್ದ. ತಂದೆಯ ಋಣ ತೀರಿಸಿದ ಮಕ್ಕಳ ಮುಖದಲ್ಲಿ ಬರುವ ಆ ಹಗುರವನ್ನು ಭಟ್ಟರು ದಿನಾ ನೋಡುವವರು. ಎಷ್ಟು ತಲೆಮಾರಿನಿಂದ ಇಲ್ಲಿದ್ದೀರಿ ಎಂದು ಕೇಳಿದ. ತಾತನ ಕಾಲದಿಂದ ಎಂದರು. "ಮಕ್ಕಳು?" ಎಂದ. ಭಟ್ಟರು "ಒಬ್ಬ" ಎಂದರು. ಅಲ್ಲಿಗೆ ನಿಲ್ಲಬಹುದಿತ್ತು. "ಏನ್ ಮಾಡ್ತಿದಾನೆ ಭಟ್ರೇ?" ಎಂದು ರಾಘವೇಂದ್ರ ಸೊರ್ರನೆ ಪಾಯಸ ಸುರಿಯುತ್ತ ಕೇಳಿದಾಗ, "ಓದ್ತಾ ಇದಾನೆ" ಎಂಬ ಮಾತು ಬಾಯಿಂದ ಜಾರಿ ಹೊರಗೆ ಬಿತ್ತು. "ಒಳ್ಳೇದು, ಓದ್ಲಿ. ನಿಮ್ಮ ನಂತರ ಮಂತ್ರ ಹೇಳೋಕೂ ಒಬ್ಬ ಬೇಕಲ್ಲ." ತುಪ್ಪದ ಮಿಳ್ಳೆ ಹಿಡಿದು ಬಂದ ಅನಂತಲಕ್ಷ್ಮಿ ಗಂಡನ ಮುಖ ನೋಡದೆ ಯಾತ್ರಿಕನಿಗೆ ಬಡಿಸಿ ಒಳಗೆ ಹೋದಳು. ಸತ್ತವರಿಗೆ ಸದ್ಗತಿ ಕೊಡಿಸುವುದೇ ಕಸುಬಾದವನು ಸತ್ತ ಮಗನನ್ನು ಬಾಯಿಮಾತಿಗೆ ಬದುಕಿಸಿ ಓದಲು ಕೂರಿಸಿದ್ದನ್ನು ನೆನೆದು ಭಟ್ಟರಿಗೆ ಮೈ ಬಿಸಿಯೇರಿತು. ಮಣಿಕರ್ಣಿಕೆಯ ಚಿತೆಯ ಮುಂದೆ ಅಂದು ಮಗ ಮಾಡಬೇಕಾದ್ದನ್ನು ಅಪ್ಪನೇ ಮಾಡಿದ್ದ. ಮಂತ್ರ ಹೇಳಿಸಲು ಬಂದಿದ್ದ ಇನ್ನೊಬ್ಬ ಪುರೋಹಿತ, ನಿಮಗೆ ಗೊತ್ತಿರುವುದೇ ಅಲ್ಲವೇ ಎಂದು ಅರ್ಧ ಮಂತ್ರವನ್ನು ಇವರಿಗೇ ಬಿಟ್ಟಿದ್ದ.

ಯಾತ್ರಿಕ ಹೋದ ಮೇಲೆ ಗಂಡ ಹೆಂಡತಿ ಊಟಕ್ಕೆ ಕೂತರು. "ಏನ್ ಓದ್ತಿದಾನೆ ಅಂತ ಕೇಳಲಿಲ್ಲವಲ್ಲ, ಸದ್ಯ" ಎಂದಳು ಅನಂತಲಕ್ಷ್ಮಿ. ಭಟ್ಟರು ಅನ್ನ ಕಲಸುತ್ತಲೇ ಇದ್ದರು. ಆಮೇಲೆ, ಯಾರದೋ ಮನೆಯ ಸುದ್ದಿ ಹೇಳುವಂತೆ, ಗಿರಿಜಾದೇವಿ ಹೇಳಿದ್ದನ್ನೆಲ್ಲ ಹೇಳಿದರು. ಅವಳು ಸಿಟ್ಟಾಗಬಹುದು, ಅಳಬಹುದು ಎಂದುಕೊಂಡಿದ್ದರು. ಅವಳು ಸುಮ್ಮನೆ ಎಲೆಯನ್ನೇ ನೋಡುತ್ತ, "ದಿನಾ ಎರಡು ರೊಟ್ಟಿ ಜಾಸ್ತಿ ಕಟ್ಟು ಅಂತಿದ್ದ" ಎಂದಳು. "ಬೆಳೆಯೋ ಹುಡುಗ, ಹಸಿವು ಜಾಸ್ತಿ ಅಂತ ಕಟ್ಟಿಕೊಡ್ತಿದ್ದೆ. ಡಾಕ್ಟರು ಸರಿಯಾಗಿ ಊಟ ಮಾಡ್ತಿದ್ನಾ ಅಂತ ಕೇಳಿದಾಗಲೂ ಚೆನ್ನಾಗಿ ತಿಂತಿದ್ದ ಅಂತ ನಾನೇ ಹೇಳಿದೆನಲ್ಲ. ಅವನು ತಿಂತಿದ್ದ ಅಂತ ತಿಳ್ಕೊಂಡಿದ್ದೆ ನಾನು."

"ಎರಡು ರೊಟ್ಟಿಯಿಂದ ಕಾಮಾಲೆ ಬರಲ್ಲ ಲಕ್ಷ್ಮೀ."

"ಅದು ನನಗೂ ಗೊತ್ತು."

ಅಂಗಳದ ಕಂಬಿಯ ಮೇಲೊಂದು ಕೋತಿ ಬಂದು ಕೂತಿತು. ಅವಳು ಅದನ್ನು ಓಡಿಸಲು ಏಳಲಿಲ್ಲ. ಸಾರನಾಥದಲ್ಲಿ ಸರಪಳಿ ಹಾಕುತ್ತಾರಂತೆ ಎಂದರು ಭಟ್ಟರು. ನಾಯಿ ಇದ್ದ ಮನೆಗೆ ಯಾತ್ರಿಕರು ಶ್ರಾದ್ಧಕ್ಕೆ ಬರುವುದಿಲ್ಲ, ಅದೂ ಇದೆ ಎಂದರು. ತಾವು ಯಾವ ಕಡೆ ವಾದಿಸುತ್ತಿದ್ದೇವೆ ಎಂಬುದು ಅವರಿಗೇ ತಿಳಿಯುತ್ತಿರಲಿಲ್ಲ. ಹೆಂಡತಿ ಬೇಡವೆಂದರೆ ಪಾಪ ಅವಳದು, ಬೇಕೆಂದರೆ ಮೈಲಿಗೆ ಅವಳದು ಎಂಬ ಸಣ್ಣತನ ತಮ್ಮೊಳಗೆ ಎಲ್ಲೋ ಕೂತು ಕಾಯುತ್ತಿದ್ದುದು ಮಾತ್ರ ಕಾಣುತ್ತಿತ್ತು.

"ತರಬೇಡಿ" ಎಂದಳು ಅನಂತಲಕ್ಷ್ಮಿ. "ಮಡಿಗಲ್ಲ. ಮಡಿ ಹಾಳಾಗಿ ಹೋಗ್ಲಿ. ಆ ನಾಯಿಗೆ ಅವನ ವಾಸನೆ ಗೊತ್ತು. ಇಲ್ಲಿಗೆ ಬಂದರೆ ಅವನ ಹಾಸಿಗೆ, ಅವನ ಚಪ್ಪಲಿ ಎಲ್ಲ ಮೂಸುತ್ತೆ. ಮನೆಯೆಲ್ಲ ಹುಡುಕುತ್ತೆ. ಹುಡುಕೀ ಹುಡುಕೀ ಸಿಗದೆ ಬಂದು ನಮ್ಮ ಮುಖ ನೋಡುತ್ತೆ. ಆಗ ಅದಕ್ಕೆ ಏನು ಹೇಳ್ತೀರಿ? ಓದ್ತಿದಾನೆ ಅಂತೀರಾ?"

ಅಲ್ಲಿಗೆ ತೀರ್ಮಾನವಾಯಿತು. ತೀರ್ಮಾನವಾದದ್ದೇ ಭಟ್ಟರಿಗೆ ಮೈ ಹಗುರವಾಯಿತು, ಹಗುರವಾದದ್ದಕ್ಕೆ ನಾಚಿಕೆಯೂ ಆಯಿತು. ಬೇಡವೆಂದು ಹೇಳಿ ಬರುವುದಷ್ಟೇ ಕೆಲಸ. ಸಂಜೆಯ ಸ್ನಾನ ಮುಗಿಸಿ, ಒಗೆದ ಪಂಚೆಯುಟ್ಟು, ಹೇಗೂ ಸಂಧ್ಯಾವಂದನೆಗೆ ಘಾಟಿಗೆ ಹೋಗಬೇಕಲ್ಲ ಎಂಬ ನೆವ ಇಟ್ಟುಕೊಂಡು ಹೊರಟರು. ದಾರಿಯುದ್ದಕ್ಕೂ ಹಿಂದಿಯಲ್ಲಿ ವಾಕ್ಯ ಕೂಡಿಸಿದರು. ಹುಟ್ಟಿ ಬೆಳೆದ ಊರಿನ ಭಾಷೆ, ಆದರೂ ಇಂಥ ಮಾತಿಗೆ ಒದಗಿ ಬರಲಿಲ್ಲ. ಮಗನಿಗಾದರೆ ಒದಗುತ್ತಿತ್ತು. ಅವನ ಬಾಯಲ್ಲಿ ಹಿಂದಿ ಗಂಗೆಯ ಹಾಗೆ ಹರಿಯುತ್ತಿತ್ತು. ಕನ್ನಡದಲ್ಲಿ ಕೇಳಿದರೂ ಹಿಂದಿಯಲ್ಲೇ ಉತ್ತರ. "ಕನ್ನಡ ಬಾಯಿಗೆ ಬರಲ್ಲವೇನೋ ನಿನಗೆ? ತಾತನ ಹೆಸರು ಕೆಡಿಸೋಕೆ ಹುಟ್ಟಿದ್ದೀಯ" ಎಂದು ಊಟದ ಹೊತ್ತಿನಲ್ಲಿ ಎಷ್ಟು ಸಲ ಅಂದಿದ್ದಾರೆ. ಹುಡುಗ ತಲೆ ಬಗ್ಗಿಸಿ ತಿನ್ನುತ್ತಿದ್ದ. ಆಮೇಲಾಮೇಲೆ ಹಿಂದಿಯಲ್ಲೂ ಮಾತು ಕಡಿಮೆಯಾಗಿತ್ತು. ಬಾಯಿ ಕಟ್ಟಿಹೋದ ಆ ಹುಡುಗ ಗಿರಿಜಾದೇವಿಯ ಮನೆಯಲ್ಲಿ ದಿನಾ ಏನು ಮಾತಾಡುತ್ತಿದ್ದ?

ಅವಳದು ಮಣ್ಣು ಮೆತ್ತಿದ ಒಂದು ಕೋಣೆ, ಮುಂದೆ ಸಣ್ಣ ಅಂಗಳ. ಗಂಟುಮೂಟೆ ಕಟ್ಟಿ ಇಟ್ಟಿದ್ದಳು. "ಆಯಿಯೇ ಪಂಡಿತ್‌ಜೀ" ಎಂದು ಚಾಪೆ ಹಾಸಿದಳು. ಭಟ್ಟರು ನಿಂತೇ ಇದ್ದರು. ನಾಯಿ ಮೂಲೆಯಲ್ಲಿ ಒಂದು ಹಳೆಯ ಚಪ್ಪಲಿಯನ್ನು ಮುಂಗಾಲಿನಲ್ಲಿ ಅದುಮಿ ಹಿಡಿದು ಸಿಗಿಯುತ್ತಿತ್ತು. ಕಂದು ಬಣ್ಣ, ಬಿಳಿ ಎದೆ. ಮೈಗಿಂತ ಕಾಲು ಉದ್ದ, ಮುಖಕ್ಕಿಂತ ಕಿವಿ ದೊಡ್ಡದು. ಯಾವುದೂ ಯಾವುದಕ್ಕೂ ಹೊಂದದ, ಒಂದು ವರ್ಷದಲ್ಲಿ ಎಲ್ಲ ಅಂಗಿಯೂ ಗಿಡ್ಡವಾಗಿಬಿಡುವ ಹುಡುಗರ ಹಾಗಿತ್ತು. ಭಟ್ಟರು ಕಣ್ಣು ತೆಗೆದರು.

"ಅದಕ್ಕೊಂದು ಹೆಸರು ಇದೆಯೇ?" ಎಂದು ಕೇಳಿದರು. ಬೇಡವೆನ್ನುವ ಮೊದಲು ಒಂದು ಉಪಚಾರದ ಮಾತು, ಅಷ್ಟೇ.

"ಬಬುವಾನೇ ಇಟ್ಟದ್ದು" ಎಂದು ಗಿರಿಜಾದೇವಿ ನಕ್ಕು, ಮೂಲೆಗೆ ತಿರುಗಿ, "ಹಚಾ! ಏ ಹಚಾ!" ಎಂದು ಕೂಗಿದಳು.

ನಾಯಿ ಚಪ್ಪಲಿ ಬಿಟ್ಟು ಚಂಗನೆ ಎದ್ದು ಓಡಿ ಬಂತು.

ತಾವು ಕೇಳಿದ್ದು ಸರಿಯೇ ಎಂದು ಭಟ್ಟರಿಗೆ ಅನುಮಾನ. ಅವಳು ಇನ್ನೊಮ್ಮೆ ಕರೆದಳು. ನಾಯಿ ಬಾಲ ಬೀಸಿತು. "ನಿಮ್ಮ ಬೋಲಿಯಲ್ಲಿ ನಾಯಿಯನ್ನು ಪ್ರೀತಿಯಿಂದ ಕರೆಯುವುದು ಹೀಗೇ ಅಂತೆ. ಬಬುವಾ ಹೇಳಿದ. ನಮ್ಮ ಬಾಬೂಜಿ ದಿನಾ ಊಟ ಇಟ್ಟು ಗಲ್ಲಿ ನಾಯಿಗಳನ್ನೆಲ್ಲ ಹೀಗೇ ಕರೀತಾರೆ, ಹಚಾ ಹಚಾ ಅಂದ ತಕ್ಷಣ ಎಲ್ಲ ಓಡಿ ಬರ್ತವೆ ಅಂದ. ನನಗೆ ಆ ಮಾತು ಬಾಯಿಗೆ ಬರ್ತಿರಲಿಲ್ಲ. ಬಬುವಾನೇ ಕೂರಿಸಿ ಕಲಿಸಿದ."

ಭಟ್ಟರು ಚಾಪೆಯ ಮೇಲೆ ಕೂತರು. ಬಾಗಿಲ ಸಂದಿಯಿಂದ ನೋಡುತ್ತಿದ್ದ ಹುಡುಗನಿಗೆ ಕಂಡದ್ದು ಇಷ್ಟೇ: ಅಪ್ಪ ಎಲೆ ಇಡುತ್ತಾನೆ, ಒಂದು ಮಾತು ಕೂಗುತ್ತಾನೆ, ನಾಯಿಗಳು ಬಂದು ತಿನ್ನುತ್ತವೆ. ಅಟ್ಟುತ್ತಿದ್ದಾನೆ ಎಂದು ಆ ಕೂಸಿಗೆ ಹೇಳಿದವರು ಯಾರು? ಅಥವಾ ಅದೂ ಅಲ್ಲವೇನೋ. ಸಮೀರ ತೀರ ಚಿಕ್ಕವನಿದ್ದಾಗ, ಹಾಸಿಗೆಯಿಂದೆದ್ದವನೇ, ದೇವರ ಮುಂದೆ ಮಡಿಯಲ್ಲಿ ಕೂತ ಅಪ್ಪನ ಬೆನ್ನ ಮೇಲೆ ಬೀಳಲು ಓಡಿ ಬರುತ್ತಿದ್ದ. "ಹಚಾ! ದೂರ, ಮುಟ್ಟಬೇಡ!" ಎಂದು ಇವರು ಗಂಟೆ ಎತ್ತಿ ಬೆದರಿಸುತ್ತಿದ್ದರು. ಹುಡುಗ ಕಿಲಕಿಲ ನಕ್ಕು, ಮಂಡಿಯೂರಿ, ನಾಯಿಯ ಹಾಗೆ ನಾಲ್ಕು ಕಾಲಲ್ಲಿ ಅಂಬೆಗಾಲಿಟ್ಟು ಇನ್ನೂ ಹತ್ತಿರ ಬರುತ್ತಿದ್ದ. ಆಟವೋ ಗದರಿಕೆಯೋ ಇವರಿಗೂ ಆಗ ತಿಳಿದಿರಲಿಲ್ಲ. ಆಮೇಲೆ ಯಾವಾಗಲೋ ಹುಡುಗ ಬರುವುದನ್ನು ಬಿಟ್ಟ. ಯಾವಾಗ ಬಿಟ್ಟ ಎಂದು ಎಷ್ಟು ಕೆದಕಿದರೂ ನೆನಪಾಗಲಿಲ್ಲ. ಬೆಳೆದು ಹದಿನೇಳಾದವನಿಗೆ ಆ ಮಾತಿನ ಅರ್ಥ ನಿಜಕ್ಕೂ ಗೊತ್ತಿರಲಿಲ್ಲವೇ? ಗೊತ್ತಿದ್ದೇ, ಅಪ್ಪ ತನ್ನನ್ನು ಕರೆಯುತ್ತಿದ್ದ ಹೆಸರು ಎಂದೇ, ಇಟ್ಟನೇ? ಪ್ರೀತಿಯೋ ಸೇಡೋ ಹೇಳಬೇಕಾದವನು ಇಲ್ಲ. ಕನ್ನಡ ಬರುವುದಿಲ್ಲ ಎಂದು ಬೈಸಿಕೊಂಡ ಹುಡುಗ ದಿನಾ ಈ ಅಂಗಳದಲ್ಲಿ ಕೂತು ಒಂದು ಕನ್ನಡ ಮಾತನ್ನು ಒಬ್ಬ ಹೂವಾಡಗಿತ್ತಿಗೂ ಒಂದು ಮರಿಗೂ ಕಲಿಸುತ್ತಿದ್ದ. ಆ ಮಾತಿನ ಅರ್ಥ ಅದಲ್ಲಮ್ಮ ಎಂದು ಗಿರಿಜಾದೇವಿಗೆ ಹೇಳಲು ಬಾಯಿ ತೆರೆದ ಭಟ್ಟರು ಹೇಳದೆ ಮುಚ್ಚಿದರು.

ಹೊರಗೆ ಆಟೋದ ಸದ್ದಾಯಿತು. ಗಿರಿಜಾದೇವಿಯ ಅಣ್ಣ ಗಿಡ್ಡ ಮನುಷ್ಯ, ಅವಸರದವನು, ಕೈಯಲ್ಲಿ ಸರಪಳಿ. ಭಟ್ಟರಿಗೆ ಕೈ ಮುಗಿದು, ನಾಯಿಯನ್ನು ಮೇಲಿಂದ ಕೆಳಗೆ ಅಳೆದು, "ಮೋತಿ ಅಂತ ಕರೆದರಾಯ್ತು" ಎಂದ. ಚಿಟಿಕೆ ಹೊಡೆದು, "ಚಲ್ ಮೋತೀ, ಚಲ್" ಎಂದ. ನಾಯಿ ಅತ್ತಿತ್ತ ನೋಡಿತು. ಇನ್ನು ಸ್ವಲ್ಪ ದಿನ, ಅಷ್ಟೇ. ಅದು ಮೋತಿಯಾಗುತ್ತದೆ. ಸಾರನಾಥದಲ್ಲಿ ಆ ಮಾತನ್ನು ಹೇಳುವವರೂ ಇಲ್ಲ, ಕೇಳುವವರೂ ಇಲ್ಲ.

"ಇದು ನಮ್ಮನೇದು" ಎಂದರು ಭಟ್ಟರು. ಕನ್ನಡದಲ್ಲಿ ಹೇಳಿದೆನೆಂದು ಗೊತ್ತಾಗಿ ಹಿಂದಿಯಲ್ಲಿ ಮತ್ತೆ ಹೇಳಿದರು. ನಾಯಿ ನಂಬಬೇಕಾದರೆ ನೀವೇ ಕರೆಯಬೇಕು ಎಂದಳು ಗಿರಿಜಾದೇವಿ. ಭಟ್ಟರು ಕರೆದರು. ಆ ಮಾತನ್ನು ಮೆತ್ತಗೆ ಹೇಳಿ ಅಭ್ಯಾಸವಿಲ್ಲದ ಗಂಟಲು ಮೊದಲ ಸಲ ಸದ್ದನ್ನೇ ಹೊರಡಿಸಲಿಲ್ಲ. ಎರಡನೆಯ ಸಲ "ಹಚಾ" ಎಂದದ್ದು ಅವರಿಗೇ ಕೇಳಿಸಿತೋ ಇಲ್ಲವೋ. ನಾಯಿ ನೆಗೆದು ಬಂದು ಎರಡೂ ಮುಂಗಾಲನ್ನು ಒಗೆದ ಪಂಚೆಯ ಮೇಲೆ, ಜನಿವಾರದ ಮೇಲೆ ಇಟ್ಟು ಮೂತಿಯನ್ನು ಗದ್ದಕ್ಕೆ ತಾಗಿಸಿತು. ಅದರ ಉಸಿರು ಬಿಸಿಯಾಗಿತ್ತು. ಕೈ ಎಲ್ಲಿಡಬೇಕೆಂದು ತಿಳಿಯದೆ ಭಟ್ಟರು ಎರಡೂ ಕೈ ಮೇಲೆತ್ತಿ ನಿಂತಿದ್ದರು. ಸರಪಳಿಯ ಮನುಷ್ಯ ನಕ್ಕ.

ಹಗ್ಗ ಹಿಡಿದು ಗಲ್ಲಿಯಲ್ಲಿ ಬರುವಾಗ ನಾಯಿ ಅವರನ್ನು ಎಳೆಯುತ್ತಿತ್ತೋ ಅವರು ನಾಯಿಯನ್ನೋ, ನೋಡಿದವರೇ ಹೇಳಬೇಕು. ಅದು ಗೋಡೆಗೋಡೆಗೆ ನಿಂತಿತು, ಹಸುವಿಗೆ ಬೊಗಳಿತು, ಪಂಚೆಯ ಚುಂಗು ಕಚ್ಚಿ ಹರಿಯಿತು. ಪಾನ್ ಅಂಗಡಿಯ ಮುಂದಿನ ಬೆಂಚಿನಿಂದ ಯಾರೋ, "ಅರೇ, ಪಂಡಿತ್‌ಜೀ ಕಾಲಭೈರವ್ ಬನ್ ಗಯೇ!" ಎಂದು, ನಾಯಿವಾಹನದ ದೇವರೇ ಎದುರಿಗೆ ಬಂದ ಹಾಗೆ, ಕೂಗಿದರು. ಎಲ್ಲರೂ ನಕ್ಕರು. ನಾಯಿಗೆ ಕೆಲಸವಿಲ್ಲ, ನಿಲ್ಲಲು ಹೊತ್ತಿಲ್ಲ ಎಂಬ ಗಾದೆಯನ್ನು ಜೀವಮಾನವೆಲ್ಲ ಪರರಿಗೆ ಅಂದವರು, ಈಗ ಅದರ ಹಿಂದೆ ಮುಗ್ಗರಿಸುತ್ತ ಓಡಿದರು. ನಾಚಿಕೆಯಾಗಲಿಲ್ಲ. ಭಯವಾಯಿತು. ಬಾಗಿಲು ಹತ್ತಿರವಾದಂತೆ ಹೆಂಡತಿಯ ಮಾತು ನೆನಪಾಯಿತು. ಇದು ಹುಡುಕಲು ಶುರುಮಾಡಿದರೆ ಅವಳನ್ನು ಹೇಗೆ ಹಿಡಿಯುವುದು?

ಅನಂತಲಕ್ಷ್ಮಿ ಅಂಗಳದಲ್ಲಿ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದಳು. ಬಾಗಿಲು ತಳ್ಳಿದ ಸದ್ದಿಗೆ ತಲೆಯೆತ್ತಿದವಳಿಗೆ ಮೊದಲು ಕಂಡದ್ದು ನಾಯಿಯ ಮೂತಿ, ಹಿಂದಿದ್ದ ಗಂಡನಲ್ಲ. "ಹಚಾ! ಹಚಾ!" ಎಂದು ಕೈ ಬೀಸಿ ಕೂಗಿದಳು. ನಾಯಿ ಭಟ್ಟರ ಕೈಯಿಂದ ಹಗ್ಗ ಕಿತ್ತುಕೊಂಡು ನೇರ ಅವಳ ಮಡಿಲಿಗೆ ಓಡಿತು. ಅವಳು ಹೆದರಿ ಮತ್ತೆ ಕೂಗಿದಳು. ಅದು ಮತ್ತಷ್ಟು ಕುಣಿಯಿತು.

"ಅದರ ಹೆಸರು ಕಣೇ ಅದು" ಎಂದರು ಭಟ್ಟರು. "ಅವನು ಇಟ್ಟದ್ದು. ನಾವು ಹಾಗಂತ ಕರೀತೀವಿ ಅಂತ ತಿಳ್ಕೊಂಡಿದ್ದ."

ಬತ್ತಿಯ ಹತ್ತಿ ಅನಂತಲಕ್ಷ್ಮಿಯ ಕೈಯಲ್ಲೇ ಇತ್ತು. ನಾಯಿ ಅವಳ ಸೀರೆ ಮೂಸಿತು, ಅಡಿಗೆಮನೆಯ ಹೊಸ್ತಿಲು ಮೂಸಿತು, ಮಧ್ಯಾಹ್ನ ಎಲೆ ಹಾಕಿದ್ದ ಜಾಗದ ನೆಲ ನೆಕ್ಕಿತು. ಇಬ್ಬರೂ ಉಸಿರು ಹಿಡಿದು ನೋಡಿದರು. ಸಮೀರನ ಕೋಣೆಯ ಬಾಗಿಲು ತೆರೆದೇ ಇತ್ತು. ನಾಯಿ ಅದರ ಮುಂದೆಯೇ ಹಾದು ಹೋಯಿತು. ತೊಟ್ಟಿಯ ನೀರು ಕುಡಿಯಿತು. ತುಳಸಿಕಟ್ಟೆಯ ಪಕ್ಕ ತಂಪಾದ ಕಲ್ಲಿನ ಮೇಲೆ ಸುತ್ತು ತಿರುಗಿ, ಕಾಲು ಚಾಚಿ ಮಲಗಿ, ದೊಡ್ಡದೊಂದು ಆಕಳಿಕೆ ಆಕಳಿಸಿತು.

ಭಟ್ಟರಿಗೆ ಸಮಾಧಾನವಾಗಬೇಕಿತ್ತು.

"ಸುಸ್ತಾಗಿದೆ" ಎಂದಳು ಅನಂತಲಕ್ಷ್ಮಿ. ಸ್ವಲ್ಪ ಹೊತ್ತು ಕಾದಳು. ಆಮೇಲೆ ಎದ್ದು ಹೋಗಿ, ತಾನು ಎಂದೂ ಮುಟ್ಟದ ಪ್ರಾಣಿಯ ಕೊರಳಿಗೆ ಕೈ ಹಾಕಿ ಎಬ್ಬಿಸಿದಳು. "ಬಾ" ಎಂದು ಕೋಣೆಯೊಳಗೆ ಕರೆದೊಯ್ದಳು. ಸುತ್ತಿಟ್ಟ ಹಾಸಿಗೆ ಬಿಚ್ಚಿ ಅದರ ಮೂತಿಯ ಹತ್ತಿರ ಹಿಡಿದಳು. ನಾಯಿ ಮುಖ ತಿರುಗಿಸಿತು. ಚಪ್ಪಲಿ ತೋರಿಸಿದಳು, ಅದನ್ನು ಕಚ್ಚಿ ಆಡಲು ಹೋಯಿತು. "ಅದಲ್ಲ ಕಣೋ, ಹುಡುಕು. ನೋಡು, ಇಲ್ಲೇ ಮಲಗ್ತಿದ್ದ. ಇಲ್ಲೇ ಓದ್ತಿದ್ದ. ಹುಡುಕೋ." ಅವಳು ಮಂಚದ ಕೆಳಗೆ, ಬಾಗಿಲ ಹಿಂದೆ, ಅಕ್ಕಿ ಡಬ್ಬಿಯ ಮರೆಗೆ, ಮೂಲೆ ಮೂಲೆಗೂ ಅದನ್ನು ಎಳೆದುಕೊಂಡು ಹೋದಳು. ನಾಯಿ ಇದೊಂದು ಆಟವೆಂದು ಬಾಲ ಅಲ್ಲಾಡಿಸಿ, ಅವಳ ಕೈ ನೆಕ್ಕಿತು.

"ಬಿಡೇ ಲಕ್ಷ್ಮೀ" ಎಂದರು ಭಟ್ಟರು. "ಆಗ ಅದು ತೀರ ಚಿಕ್ಕದು. ಮಗು ಅದು, ಅದಕ್ಕೇನು ನೆನಪಿರುತ್ತೆ?"

ಅನಂತಲಕ್ಷ್ಮಿ ಬಿಡಲಿಲ್ಲ. ನಾಯಿಯ ಕೊರಳು ಹಿಡಿದುಕೊಂಡೇ ಮೆಟ್ಟಿಲ ಕಡೆಗೆ ನಡೆದಳು.

"ಮಹಡಿ ಮೇಲೆ ಇನ್ನೂ ನೋಡಿಲ್ಲ ಅದು" ಎಂದಳು.